ಮೀನಿನ ಟ್ಯಾಂಕಿಗೊಂದು ಪತ್ತಾರರ ಭೂತಗನ್ನಡಿ

ಪತ್ತಾರರು ಬಂಗಾರದ ಮೇಲಿನ ಮುದ್ರೆ ನೋಡಲು ಕಣ್ಣಿಗೆ ಹಿಡಿಯುತ್ತಾರಲ್ಲ, ಮಡಚುವ ಪುಟ್ಟ ಭೂತಗನ್ನಡಿ, ಈ ವಿಮರ್ಶೆ ಅದರದ್ದು. ಅಂಗಡಿಯಲ್ಲಿ ಲೂಪ್ ಅಂತ ಕೇಳಿದರೆ ಕೊಡುತ್ತಾರೆ. ನಾನು ಕೊಂಡಿದ್ದು ಬಂಗಾರಕ್ಕಲ್ಲ, ಮನೆಯ ಅಕ್ವೇರಿಯಂಗೆ. ಟ್ಯಾಂಕಿನಲ್ಲಿ ನಾವು ಬಿಡದೇ ತಾವಾಗಿಯೇ ಹುಟ್ಟಿಕೊಳ್ಳುವ ಸಣ್ಣ ಸಣ್ಣ ಜೀವಿಗಳಿರುತ್ತವಲ್ಲ, ಅವು ಏನು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಸಾಮಾನು ನನಗೆ ಈವರೆಗೆ ಸಿಕ್ಕಿಲ್ಲ. ಫಿಲ್ಟರ್, ಲೈಟು, ಹೀಟರ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಇದರ ಬಗ್ಗೆ ಬರೆದವರು ಕಡಿಮೆ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಮನೆ ಬಾಗಲಕೋಟೆ ನವನಗರದಲ್ಲಿ. ಎರಡಡಿ ಟ್ಯಾಂಕು, ಸುಮಾರು 60 ಲೀಟರ್ ನೀರು ಹಿಡಿಯುತ್ತದೆ. ಗಪ್ಪಿ ಮೀನು, ಚೆರ್ರಿ ಸಿಗಡಿ, ಜಾವಾ ಪಾಚಿ, ಒಂದಿಷ್ಟು ವ್ಯಾಲಿಸ್ನೇರಿಯಾ ಗಿಡ. ಕೆಳಗೆ ಹೊಳೆ ಉಸುಕು. ದುಬಾರಿ ಮೀನು ಯಾವುದೂ ಇಲ್ಲ. ಆದರೆ ಇದರಲ್ಲಿ ಹುಟ್ಟಿದ ಮರಿಗಳನ್ನು ನಾನು ನಾಲ್ಕು ಮನೆಗೆ ಕೊಡುತ್ತೇನೆ, ಹಾಗಾಗಿ ಒಳಗೆ ಏನು ಓಡಾಡುತ್ತಿದೆ ಅನ್ನುವುದು ನನಗೆ ಗೊತ್ತಿರಲೇಬೇಕು.

ಮೊದಲು ಲೂಪಿನ ವಿಷಯ. ನಾನು ತಂದದ್ದು ಹಳೇ ಬಾಗಲಕೋಟೆಯಲ್ಲಿ ಪತ್ತಾರಿಕೆ ಸಾಮಾನು ಮಾರುವ ಕಡೆಯಿಂದ, ಮುನ್ನೂರು ರೂಪಾಯಿಯ ಒಳಗೆ. ಸ್ಟೀಲಿನ ಬಣ್ಣದ ಹೊದಿಕೆ, ತಿರುಗಿಸಿದರೆ ಗಾಜು ಹೊರಬರುತ್ತದೆ. ಹೊದಿಕೆಯ ಮೇಲೆ 30 ಎಕ್ಸ್, 21 ಎಂಎಂ ಅಂತ ಅಚ್ಚು ಹಾಕಿದ್ದಾರೆ. 21 ಎಂಎಂ ಅನ್ನುವುದು ಗಾಜಿನ ಅಗಲ, ಅದು ಸರಿ ಇದೆ. 30 ಪಟ್ಟು ಅನ್ನುವುದು ಮಾತ್ರ ಸುಳ್ಳು. ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. 250 ಮಿಲಿಮೀಟರನ್ನು ಪಟ್ಟಿನಿಂದ ಭಾಗಿಸಿ, ಗಾಜು ವಸ್ತುವಿನಿಂದ ಎಷ್ಟು ದೂರ ಇದ್ದರೆ ಸ್ಪಷ್ಟ ಕಾಣುತ್ತದೆ ಅನ್ನುವ ಲೆಕ್ಕ ಸಿಗುತ್ತದೆ. 10 ಪಟ್ಟಿನದಾದರೆ 25 ಮಿಲಿಮೀಟರ್, ಅಂದರೆ ಒಂದಿಂಚು. 30 ಪಟ್ಟಿನದಾದರೆ ಬರೀ 8 ಮಿಲಿಮೀಟರ್. ನನ್ನ ಲೂಪು ಒಂದಿಂಚು ದೂರದಲ್ಲೇ ಸ್ಪಷ್ಟ ಕಾಣುತ್ತದೆ. ಅಲ್ಲಿಗೆ ಇದು ಹತ್ತು ಪಟ್ಟಿನದು, ಅಷ್ಟೇ. ಮಾರುಕಟ್ಟೆಯಲ್ಲಿ ಈ ಅಚ್ಚಿನ ಅಗ್ಗದ ಲೂಪುಗಳ ಕತೆಯೆಲ್ಲ ಸಾಮಾನ್ಯವಾಗಿ ಇಷ್ಟೇ.

ಮೋಸದ ಅಚ್ಚಿಗೆ ಒಂದು ಅಂಕ ಕಳೆಯುತ್ತೇನೆ. ಆದರೆ ಅಕ್ವೇರಿಯಂಗೆ ಬೇಕಾಗಿರುವುದೇ ಹತ್ತು ಪಟ್ಟು. ನಿಜವಾಗಿಯೂ 30 ಪಟ್ಟು ಇದ್ದಿದ್ದರೆ ನಮಗೆ ಕೆಲಸಕ್ಕೆ ಬರುತ್ತಿರಲಿಲ್ಲ. ಟ್ಯಾಂಕಿನ ಗಾಜೇ 5 ಮಿಲಿಮೀಟರ್ ದಪ್ಪ ಇರುತ್ತದೆ. ಜೀವಿ ಒಳಮೈಗೆ ಅಂಟಿಕೊಂಡಿರುತ್ತದೆ, ನಾವು ಹೊರಗಿನಿಂದ ನೋಡಬೇಕು. ಒಂದಿಂಚು ದೂರ ಸಿಕ್ಕರೆ ಗಾಜಿನ ದಪ್ಪ ಕಳೆದೂ ಸಾಕಷ್ಟು ಜಾಗ ಉಳಿಯುತ್ತದೆ. ಲೂಪನ್ನು ಕಣ್ಣಿಗೆ ಹತ್ತಿರ ಹಿಡಿದು, ತಲೆಯನ್ನೇ ಹಿಂದೆ ಮುಂದೆ ಸರಿಸುತ್ತಾ ಹೋದರೆ ಒಂದು ಕಡೆ ಥಟ್ಟನೆ ಸ್ಪಷ್ಟವಾಗುತ್ತದೆ.

ಮನೆಯಲ್ಲಿ ಇದಕ್ಕೂ ಮೊದಲೇ ಒಂದು ಭೂತಗನ್ನಡಿ ಇತ್ತು. ನಮ್ಮ ಮಾವನವರು ಗುಳೇದಗುಡ್ಡದವರು, ಖಣ ನೇಯ್ದವರು. ಬಟ್ಟೆಯಲ್ಲಿ ಇಂಚಿಗೆ ಎಷ್ಟು ಎಳೆ ಅಂತ ಎಣಿಸುವ ಮಡಚುವ ಭೂತಗನ್ನಡಿ ಅವರ ಪೆಟ್ಟಿಗೆಯಲ್ಲಿ ಈಗಲೂ ಇದೆ. ಹಿತ್ತಾಳೆಯದು, ತೂಕ ಇದೆ, ಗಾಜು ಬಹಳ ಚೊಕ್ಕ. ಆದರೆ ಅದಕ್ಕೆ ಅದರದೇ ಕಾಲುಗಳಿವೆ. ಕೆಳಗಿನ ಚೌಕಟ್ಟು ಬಟ್ಟೆಗೆ ತಾಗಿಕೊಂಡು ಕೂತಾಗ ಮಾತ್ರ ಎಳೆ ಸ್ಪಷ್ಟ ಕಾಣುವ ಹಾಗೆ ಮಾಡಿರುತ್ತಾರೆ. ಟ್ಯಾಂಕಿನ ಗಾಜಿನ ಮೇಲಿಟ್ಟರೆ ಒಳಮೈಯ ಹುಳ ಅದರ ಅಳತೆಯಿಂದ ಆಚೆ ಉಳಿದುಬಿಡುತ್ತದೆ, ಮಸುಕಾಗುತ್ತದೆ. ಹುಳವನ್ನು ಡ್ರಾಪರಿನಲ್ಲಿ ಎಳೆದು ತಟ್ಟೆಗೆ ಬಿಟ್ಟು ನೋಡುವುದಾದರೆ ಅದೇ ಮೇಲು, ಎರಡೂ ಕೈ ಖಾಲಿ ಇರುತ್ತವೆ. ಕೆಳಗಿನ ಚೌಕಟ್ಟಿನಲ್ಲಿ ಅಳತೆಯ ಗೆರೆಗಳೂ ಇವೆ, ಹುಳದ ಉದ್ದ ಅಲ್ಲೇ ಗೊತ್ತಾಗುತ್ತದೆ. ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಕೂಡ ಬಳಸಿ ನೋಡಿದ್ದೇನೆ. ಫೋಟೋ ತೆಗೆದು ಯಾರಿಗಾದರೂ ಕಳಿಸಲು ಚೆನ್ನ, ಆದರೆ ಓಡಾಡುವ ಜೀವಿಯ ಹಿಂದೆ ಫೋನು ಹಿಡಿದು ಓಡುವುದು ಕಷ್ಟ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಬೇಸಿಗೆಯಲ್ಲಿ ಒಂದು ದಿನ ಗಾಜಿನ ಮೇಲೆ ಬಿಳಿ ದಾರದಂಥ ಹುಳಗಳು ಕಾಣಿಸಿಕೊಂಡವು. ಒಂದೆರಡಲ್ಲ, ಎಲ್ಲಿ ನೋಡಿದರಲ್ಲಿ. ಮೀನಿನ ಅಂಗಡಿಯೊಂದರಲ್ಲಿ ಹೇಳಿದಾಗ, ನೋಡದೆಯೇ ‘ಅದು ಪ್ಲನೇರಿಯಾ, ಸಿಗಡಿ ಮರಿ ತಿಂದ್ಬಿಡ್ತಾವ’ ಅಂತ ಹೇಳಿ ನೀಲಿ ಬಾಟಲಿಯೊಂದನ್ನು ಮುಂದೆ ಇಟ್ಟರು. ಬಾಟಲಿಯ ಮೇಲೆ ತಾಮ್ರದ ಸಲ್ಫೇಟ್ ಅಂತ ಇತ್ತು. ತಾಮ್ರ ಅಂದರೆ ಸಿಗಡಿಗೂ ಬಸವನಹುಳುವಿಗೂ ನೇರ ವಿಷ. ನಾನು ಅದನ್ನು ತೆಗೆದುಕೊಳ್ಳದೆ ಮನೆಗೆ ಬಂದೆ. ವಿಷಯ ಕೇಳಿದ ಮಾವನವರು ಒಂದೇ ಮಾತು ಹೇಳಿದರು: ‘ಅದು ಏನಂತ ಗೊತ್ತಿಲ್ದ ಔಷಧ ಹೆಂಗ ಹಾಕ್ತೀಯವ್ವಾ? ಮೊದಲ ನೋಡು.’ ಲೂಪು ಮನೆಗೆ ಬಂದಿದ್ದು ಆಗ.

ಲೂಪಿನಲ್ಲಿ ನೋಡಬೇಕಾದದ್ದು ತಲೆಯನ್ನು. ಪ್ಲನೇರಿಯಾ ಆಗಿದ್ದರೆ ತಲೆ ಬಾಣದ ತುದಿಯ ಹಾಗೆ ಮುಕ್ಕೋನವಾಗಿರುತ್ತದೆ, ಮೇಲೆ ಎರಡು ಕಪ್ಪು ಕಣ್ಣು ಚುಕ್ಕೆ. ಮೈ ಚಪ್ಪಟೆ. ನಡೆಯುವ ರೀತಿಯೇ ಬೇರೆ. ಮೈ ಕೊಂಕಿಸುವುದಿಲ್ಲ, ನೆಟ್ಟಗೆ ನುಣ್ಣಗೆ ಗಾಜಿನ ಮೇಲೆ ಜಾರುತ್ತಾ ಹೋಗುತ್ತದೆ. ಹೊಟ್ಟೆಯ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ, ಅವುಗಳ ಬಲದಿಂದಲೇ ಅದು ಸಾಗುವುದು. ನನ್ನ ಟ್ಯಾಂಕಿನವು ಹಾಗಿರಲಿಲ್ಲ. ತಲೆಗೂ ಬಾಲಕ್ಕೂ ವ್ಯತ್ಯಾಸವೇ ಇಲ್ಲ, ಕಣ್ಣಿಲ್ಲ, ಮೈಯುದ್ದಕ್ಕೂ ಸಣ್ಣ ಸಣ್ಣ ಗಣ್ಣು, ಪಕ್ಕದಲ್ಲಿ ಸೂಕ್ಷ್ಮ ಬಿರುಗೂದಲು. ನೀರಿಗೆ ಬಿದ್ದರೆ ಮೈಯನ್ನು ಅತ್ತಿತ್ತ ತಿರುಚಿ ಒದ್ದಾಡುತ್ತಾ ಈಜುತ್ತಿದ್ದವು. ಇವು ಎರೆಹುಳುವಿನ ದೂರದ ನೆಂಟರು. ಡೆಟ್ರಿಟಸ್ ಹುಳ ಅನ್ನುತ್ತಾರೆ. ಉಸುಕಿನೊಳಗೆ ಇದ್ದು, ಉಳಿದ ಮೇವು, ಕೊಳೆತ ಎಲೆ, ಮೀನಿನ ಹೊಲಸು ತಿಂದು ಬದುಕುವಂಥವು. ಮೀನಿಗಾಗಲಿ ಸಿಗಡಿಗಾಗಲಿ ಏನೂ ಮಾಡುವುದಿಲ್ಲ. ಗಪ್ಪಿಗಳೇ ಅವುಗಳನ್ನು ಹಿಡಿದು ತಿನ್ನುತ್ತವೆ.

ಹಾಗಾದರೆ ಉಸುಕಿನಲ್ಲಿರಬೇಕಾದವು ಗಾಜಿನ ಮೇಲೆ ಯಾಕೆ ಬಂದವು? ನನಗೆ ಇದು ಬಹಳ ಮುಖ್ಯ ಅನ್ನಿಸಿತು. ನಮ್ಮ ಊರಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು ಹೇಳಬೇಕಾಗಿಲ್ಲ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆಯಾಗುತ್ತದೆ. ಮೇಲಿಂದ ಕರೆಂಟು ಹೋದರೆ ಗಾಳಿ ಪಂಪೂ ನಿಂತುಬಿಡುತ್ತದೆ. ಉಸುಕಿನ ಒಳಗೆ ಉಸಿರಾಡಲು ಆಗದೆ ಹುಳಗಳು ಮೇಲೇರುತ್ತವೆ. ಅಂದರೆ ಅವು ರೋಗವಲ್ಲ, ಟ್ಯಾಂಕಿನ ಸ್ಥಿತಿಯನ್ನು ತೋರಿಸುತ್ತಿದ್ದವು. ಔಷಧ ಹಾಕಿದ್ದರೆ ಸಾವಿರಾರು ಹುಳ ಉಸುಕಿನಲ್ಲೇ ಸತ್ತು ಕೊಳೆತು, ಅಮೋನಿಯಾ ಏರಿ, ಇದ್ದ ಸ್ವಲ್ಪ ಆಮ್ಲಜನಕವೂ ಹೋಗಿ ಮೀನೇ ಸಾಯುತ್ತಿದ್ದವು. ನಾನು ಮಾಡಿದ್ದು ಇಷ್ಟೇ: ಮೇವು ಅರ್ಧಕ್ಕಿಳಿಸಿದೆ, ಸೈಫನ್ ಪೈಪಿನಿಂದ ಉಸುಕಿನ ಹೊಲಸು ಎಳೆದು ತೆಗೆದೆ, ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ತಂದೆ. ಹುಳಗಳು ಮತ್ತೆ ಕೆಳಗಿಳಿದವು. ಈಗಲೂ ಒಳಗೆ ಇವೆ, ಇರಲಿ.

ನಿಜವಾದ ಪ್ಲನೇರಿಯಾ ಬಂದಿದ್ದು ಆಮೇಲೆ, ಬೇರೆ ಕಡೆಯಿಂದ ತಂದ ಪಾಚಿಯ ಜೊತೆ. ಈ ಸಲ ಲೂಪಿನಲ್ಲಿ ಮುಕ್ಕೋನ ತಲೆ ಕಂಡಿತು, ಎರಡು ಕಣ್ಣು ಕಂಡವು. ಸ್ವಲ್ಪ ಮೆಳ್ಳಗಣ್ಣು ಇದ್ದಂತೆ ಕಾಣುತ್ತದೆ, ಯಾಕೆಂದರೆ ಕಪ್ಪು ಚುಕ್ಕೆ ಬಿಳಿ ಭಾಗದ ಒಳಮಗ್ಗುಲಿಗೆ ಸರಿದಿರುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಬಾಯಿ ತಲೆಯಲ್ಲಿಲ್ಲ, ಹೊಟ್ಟೆಯ ನಡುವೆ ಇದೆ. ಅಲ್ಲಿಂದ ಒಂದು ಕೊಳವೆ ಹೊರಚಾಚಿ ಆಹಾರ ಹೀರುತ್ತದೆ. ಸತ್ತ ಮೀನಿನ ಚೂರು ಹಾಕಿದಾಗ ನಾನಿದನ್ನು ಲೂಪಿನಲ್ಲಿ ನೋಡಿದ್ದೇನೆ. ಇವು ಮೊಟ್ಟೆ, ಸಿಗಡಿ ಮರಿ, ಪೊರೆ ಬಿಟ್ಟು ಮೆತ್ತಗಾದ ಸಿಗಡಿಯ ಮೇಲೆ ಬೀಳುತ್ತವೆ. ಸಿಗಡಿ ಸಾಕುವವರು ಇವನ್ನು ಸುಮ್ನೆ ಬಿಡುವ ಹಾಗಿಲ್ಲ.

ಪ್ಲನೇರಿಯಾ ಕಂಡರೆ ಗಾಜಿಗೆ ಒತ್ತಿ ಉಜ್ಜಬೇಡಿ. ತುಂಡಾದರೆ ಒಂದೊಂದು ತುಂಡೂ ಮತ್ತೆ ಪೂರ್ತಿ ಹುಳವಾಗುತ್ತದೆ. ಡ್ರಾಪರಿನಿಂದ ಎಳೆದು ತೆಗೆಯಿರಿ. ಇಲ್ಲವೇ ಸಣ್ಣ ಬಾಟಲಿಯಲ್ಲಿ ಸಿಗಡಿ ಮಾಂಸದ ಚೂರು ಹಾಕಿ, ಮುಚ್ಚಳಕ್ಕೆ ಹುಳ ಹೋಗುವಷ್ಟೇ ತೂತು ಮಾಡಿ ರಾತ್ರಿ ಟ್ಯಾಂಕಿನೊಳಗೆ ಇಡಿ. ಬೆಳಿಗ್ಗೆ ಒಳಗೆ ತುಂಬಿಕೊಂಡಿರುತ್ತವೆ. ಇದರಿಂದ ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ.

ಪೂರ್ತಿ ಹೋಗಬೇಕಾದರೆ ಫೆನ್‌ಬೆಂಡಜೋಲ್. ನಾಯಿ, ದನಕ್ಕೆ ಕೊಡುವ ಜಂತುಹುಳದ ಔಷಧ ಅದು. ದನದ ದವಾಖಾನೆಯ ಹತ್ತಿರದ ಔಷಧ ಅಂಗಡಿಗಳಲ್ಲಿ ಸಿಗುತ್ತದೆ. ಸಿಗಡಿ ಸಾಕುವವರು ಬಳಸುವ ಲೆಕ್ಕ ಶೇಕಡಾ 22ರ ಪುಡಿಯಾದರೆ 38 ಲೀಟರಿಗೆ 0.1 ಗ್ರಾಂ. ನನ್ನ ಟ್ಯಾಂಕಿಗೆ 0.15 ಗ್ರಾಂ ಆಯಿತು. ಇದನ್ನು ಚಮಚದಲ್ಲಿ ಅಂದಾಜು ಮಾಡಲು ಆಗುವುದಿಲ್ಲ. ನಮ್ಮ ಓಣಿಯ ಪತ್ತಾರರ ತಕ್ಕಡಿಯಲ್ಲೇ ತೂಗಿಸಿಕೊಂಡು ಬಂದೆ. ಸಿಗಡಿಗಳಿಗೆ ಏನೂ ಆಗಲಿಲ್ಲ. ಆದರೆ ನೆರೈಟ್ ಬಸವನಹುಳು ಇದ್ದರೆ ಮೊದಲೇ ಬೇರೆ ಕಡೆ ಇಡಬೇಕು, ಅವಕ್ಕೆ ಈ ಔಷಧ ಆಗಿಬರುವುದಿಲ್ಲ. ಔಷಧ ಮುಗಿದ ಮೇಲೂ ಉಸುಕಿನಲ್ಲಿ ಅದರ ಅಂಶ ಬಹಳ ಕಾಲ ಉಳಿಯುತ್ತದೆ, ಹಾಗಾಗಿ ನೆರೈಟ್‌ಗಳನ್ನು ತಕ್ಷಣ ವಾಪಸ್ ಬಿಡಬೇಡಿ. ಸತ್ತ ಹುಳ ಕೊಳೆಯುವುದರಿಂದ ನೀರನ್ನೂ ಬದಲಿಸಬೇಕು.

ಪ್ಲನೇರಿಯಾಕ್ಕೆ ಅಂತಲೇ ಮಾರುವ ಒಂದು ಪುಡಿಯೂ ಇದೆ. ಅದರಲ್ಲಿರುವುದು ನಮ್ಮ ಅಡಿಕೆಯ ಸತ್ವ. ಅಡಿಕೆಯ ಅರೆಕೋಲಿನ್ ಹಿಂದೆ ನಾಯಿಗಳ ಲಾಡಿಹುಳಕ್ಕೂ ಔಷಧವಾಗಿತ್ತು. ಹಾಗಂತ ಮನೆಯ ಅಡಿಕೆ ಕುಟ್ಟಿ ಟ್ಯಾಂಕಿಗೆ ಹಾಕಬೇಡಿ, ಪ್ರಮಾಣ ಗೊತ್ತಾಗುವುದಿಲ್ಲ. ಬಸವನಹುಳುವಿಗೆ ಅದೂ ಅಪಾಯವೇ.

ಲೂಪಿನಲ್ಲಿ ನೋಡಲು ಎಲ್ಲಕ್ಕಿಂತ ಚಂದ ಇರುವುದು ಹೈಡ್ರಾ. ಬರಿಗಣ್ಣಿಗೆ ಗಿಡದ ಎಲೆಯ ಮೇಲೆ ಸಣ್ಣ ದಾರದ ಚೂರು ಅಂಟಿದಂತೆ ಕಾಣುತ್ತದೆ. ಲೂಪು ಹಿಡಿದರೆ ಒಂದು ಕಾಂಡ, ತುದಿಯಲ್ಲಿ ಆರೆಂಟು ತೆಳ್ಳನೆಯ ತೋಳು, ನೀರಿನಲ್ಲಿ ನಿಧಾನಕ್ಕೆ ಚಾಚಿಕೊಂಡಿರುತ್ತವೆ. ಗಾಜಿಗೆ ಉಗುರಿನಿಂದ ತಟ್ಟಿ ನೋಡಿ. ಒಂದೇ ಸಲಕ್ಕೆ ಮುದುಡಿ ಪುಟ್ಟ ಉಂಡೆಯಾಗುತ್ತದೆ. ಸ್ವಲ್ಪ ಹೊತ್ತು ಕಾಯಿರಿ, ಮತ್ತೆ ಬಿಚ್ಚಿಕೊಳ್ಳುತ್ತದೆ. ಹೈಡ್ರಾನೋ ಅಲ್ಲವೋ ತಿಳಿಯಲು ಇಷ್ಟು ಸಾಕು. ಕೆಲವುಗಳ ಕಾಂಡದ ಪಕ್ಕದಲ್ಲಿ ಇನ್ನೊಂದು ಪುಟ್ಟ ಹೈಡ್ರಾ ಮೊಳೆತಿರುತ್ತದೆ, ಅದಕ್ಕೂ ಆಗಲೇ ತೋಳುಗಳು. ದೊಡ್ಡದಾದ ಮೇಲೆ ಕಳಚಿಕೊಂಡು ಬೇರೆಯಾಗುತ್ತದೆ. ಒಮ್ಮೆ ಸೈಕ್ಲಾಪ್ಸ್ ಅನ್ನುವ, ಚುಕ್ಕೆಯಷ್ಟೇ ಇರುವ ನೀರಿನ ಜೀವಿಯೊಂದು ಈಜುತ್ತಾ ಬಂದು ತೋಳಿಗೆ ತಾಗಿತು. ತಾಗಿದ ಕೂಡಲೇ ಅದರ ಓಟ ನಿಂತಿತು. ತೋಳಿನಲ್ಲಿ ಚುಚ್ಚುವ ವಿಷದ ಕೋಶಗಳಿರುತ್ತವೆ. ಆಮೇಲೆ ಆ ತೋಳು ನಿಧಾನಕ್ಕೆ ಬಾಗಿ ಅದನ್ನು ಬಾಯಿಯ ಕಡೆ ತಂದಿತು, ಕಾಂಡ ಅಲ್ಲಿ ಉಬ್ಬಿತು. ಇಷ್ಟನ್ನೂ ಮಗಳು ನಾನು ಸರದಿಯ ಮೇಲೆ ನೋಡಿದೆವು.

1740ರ ದಶಕದಲ್ಲಿ ಅಬ್ರಹಾಂ ಟ್ರೆಂಬ್ಲೆ ಅನ್ನುವ ಸ್ವಿಸ್ ವಿದ್ವಾಂಸ ಹೈಡ್ರಾವನ್ನು ಕತ್ತರಿಸಿ, ಎರಡೂ ತುಂಡು ಪೂರ್ತಿ ಜೀವಿಯಾಗುವುದನ್ನು ತೋರಿಸಿಕೊಟ್ಟ. ಅವನಿಗೆ ಮೊದಲು ಇದು ಗಿಡವೋ ಪ್ರಾಣಿಯೋ ಅನ್ನುವುದೇ ಅನುಮಾನ ಇತ್ತಂತೆ. ಅವನ ಕೈಯಲ್ಲೂ ಇದ್ದಿದ್ದು ಭೂತಗನ್ನಡಿಯೇ. ಇವತ್ತು ಅದೇ ಜೀವಿ ನಮ್ಮ ಹಾಲ್‌ನಲ್ಲಿ, ಟಿವಿಯ ಪಕ್ಕದಲ್ಲಿ ಇದೆ ಅಂದರೆ ನನಗೆ ನಿಜಕ್ಕೂ ಖುಷಿ.

ಖುಷಿ ಏನೋ ಸರಿ, ಆದರೆ ಹುಟ್ಟಿದ ಕೂಡಲೇ ಸಿಗುವ ಗಪ್ಪಿ ಮರಿ, ಸಿಗಡಿ ಮರಿ ಹೈಡ್ರಾಗೆ ಆಹಾರವಾಗಬಹುದು. ದೊಡ್ಡ ಮೀನಿಗೆ ಏನೂ ಆಗುವುದಿಲ್ಲ. ಮರಿಗಳಿಗೆ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಹಾಕುವ ಟ್ಯಾಂಕುಗಳಲ್ಲಿ ಇವು ಜಾಸ್ತಿಯಾಗುತ್ತವೆ, ಯಾಕೆಂದರೆ ಅದೇ ಮೇವು ಇವಕ್ಕೂ ಹಬ್ಬ. ಫೆನ್‌ಬೆಂಡಜೋಲ್ ಇದಕ್ಕೂ ನಡೆಯುತ್ತದೆ. ಗೌರಾಮಿ ಮೀನುಗಳು ಹೈಡ್ರಾ ತಿನ್ನುತ್ತವೆ, ಔಷಧ ಬೇಡ ಅನ್ನುವವರಿಗೆ ಅದೊಂದು ದಾರಿ. ಆದರೆ ಗೌರಾಮಿ ಸಿಗಡಿ ಮರಿಯನ್ನೂ ಬಿಡುವುದಿಲ್ಲ. ಕೆಲವೇ ಇದ್ದರೆ ನಾನು ಹಾಗೇ ಬಿಟ್ಟುಬಿಡುತ್ತೇನೆ.

ಸೈಕ್ಲಾಪ್ಸ್ ಅಂದೆನಲ್ಲ, ಅದರ ಬಗ್ಗೆಯೂ ಹೇಳಬೇಕು. ಗಾಜಿನ ಹತ್ತಿರ ಬಿಳಿ ಚುಕ್ಕೆಗಳು ಹಾರಿ ಹಾರಿ ಓಡಾಡಿದರೆ ಅವು ಬಹುತೇಕ ಸೈಕ್ಲಾಪ್ಸ್. ಲೂಪಿನಲ್ಲಿ ಮುಂದೆ ಅಗಲ, ಹಿಂದೆ ಚೂಪು. ಹೆಣ್ಣಾಗಿದ್ದರೆ ಬಾಲದ ಎರಡೂ ಪಕ್ಕ ಮೊಟ್ಟೆಯ ಚೀಲಗಳು, ಬೆನ್ನಿಗೆ ಎರಡು ಗಂಟು ಕಟ್ಟಿಕೊಂಡು ಸಂತೆಗೆ ಹೊರಟವಳ ಹಾಗೆ. ಹಾರದೆ ಗುಂಡಗೆ ಉರುಳುತ್ತಾ ಸಾಗುವ ಚುಕ್ಕೆ ಇದ್ದರೆ ಅದು ಆಸ್ಟ್ರಕಾಡ್, ಎರಡು ಚಿಪ್ಪಿನ ನಡುವೆ ಇಡೀ ಜೀವಿ ಅಡಗಿರುತ್ತದೆ. ಎರಡೂ ನಿರುಪದ್ರವಿ. ಮೀನು ಮರಿಗಳಿಗೆ ಒಳ್ಳೆಯ ಊಟ.

ಮಾವನವರಿಗೆ ಸೈಕ್ಲಾಪ್ಸ್ ತೋರಿಸಿದಾಗ ಅವರು ಬಹಳ ಹೊತ್ತು ಲೂಪು ಕೆಳಗಿಡಲಿಲ್ಲ. ನಾರುಹುಣ್ಣು ಹರಡುತ್ತಿದ್ದದ್ದು ಇದರಿಂದಲೇ ಅಂತ ನಾನು ಹೇಳಿದ್ದೆ. ಆ ಹುಣ್ಣು ಕಂಡ ತಲೆಮಾರು ಅವರದು. ಕಾಲಿನಿಂದ ಬಿಳಿ ದಾರದಂಥ ಹುಳ ಹೊರಬರುತ್ತಿತ್ತು, ಅದನ್ನು ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪವೇ ಎಳೆಯುತ್ತಿದ್ದರು. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುವಾಗ ಹುಣ್ಣಿದ್ದ ಕಾಲು ನೀರಿಗೆ ತಾಗಿದರೆ ಹುಳದ ಮರಿಗಳು ನೀರು ಸೇರುತ್ತಿದ್ದವು, ಅವನ್ನು ಸೈಕ್ಲಾಪ್ಸ್ ನುಂಗುತ್ತಿತ್ತು, ಆ ನೀರು ಕುಡಿದವರಿಗೆ ಮತ್ತೆ ಅದೇ ರೋಗ. ಕರ್ನಾಟಕವೂ ಈ ರೋಗ ಇದ್ದ ರಾಜ್ಯಗಳಲ್ಲಿ ಒಂದಾಗಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಅಂತ ಊರೂರಿಗೆ ಹೇಳಿದ್ದು ಇದೇ ಕಾರಣಕ್ಕೆ. ಭಾರತದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ನಾರುಹುಣ್ಣು ಮುಕ್ತ ಅಂತ ಘೋಷಿಸಿತು. ಈಗ ನಮ್ಮ ಟ್ಯಾಂಕಿನಲ್ಲಿರುವ ಸೈಕ್ಲಾಪ್ಸ್‌ನಿಂದ ಯಾವ ಭಯವೂ ಇಲ್ಲ. ‘ಇಷ್ಟ ಸಣ್ಣದು ಊರ ಮಂದೀನ್ನೆಲ್ಲಾ ಮಲಗಸ್ತಿತ್ತು ನೋಡವ್ವಾ’ ಅಂದರು ಮಾವನವರು. ಜನ ಬಟ್ಟೆಯಲ್ಲಿ ಸೋಸಿದ್ದು ಇದನ್ನೇ ಅಂತ ಅವತ್ತು ಅವರು ಕಣ್ಣಾರೆ ನೋಡಿದರು. ಮುನ್ನೂರು ರೂಪಾಯಿ ನನಗೆ ಅಲ್ಲಿಗೇ ವಸೂಲಾಯಿತು.

ಬಸವನಹುಳುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅವು ಬರಿಗಣ್ಣಿಗೇ ಕಾಣುತ್ತವೆ. ಎಲೆಯ ಅಡಿಯಲ್ಲಿ ಅಂಟಿದ ಪಾರದರ್ಶಕ ಲೋಳೆ ಮಾತ್ರ ಲೂಪಿನಲ್ಲಿ ನೋಡಿ, ಒಳಗೆ ಪುಟ್ಟ ಪುಟ್ಟ ಮೊಟ್ಟೆಗಳು, ದಿನ ಕಳೆದಂತೆ ಒಳಗೇ ಚಿಪ್ಪು ಮೂಡುತ್ತದೆ. ಚಿಪ್ಪಿನ ಚೂಪು ತುದಿ ಮೇಲೆ ಮಾಡಿ ಬಾಯಿ ನಿಮ್ಮ ಕಡೆ ಹಿಡಿದಾಗ ಬಾಯಿ ಎಡಕ್ಕಿದ್ದರೆ ಅದು ಬ್ಲ್ಯಾಡರ್ ಜಾತಿ. ಗಿಡಕ್ಕೆ ತೊಂದರೆ ಮಾಡುವುದಿಲ್ಲ, ಗಾಜಿಗೆ ಕಟ್ಟುವ ಪಾಚಿ ತಿಂದುಕೊಂಡಿರುತ್ತದೆ. ಉದ್ದ ಶಂಖದ ಆಕಾರದ ಟ್ರಂಪೆಟ್ ಹುಳು ಹಗಲು ಉಸುಕಿನೊಳಗೆ, ರಾತ್ರಿ ಹೊರಗೆ. ಅವು ಹಗಲಲ್ಲೇ ಎಲ್ಲವೂ ಗಾಜು ಹತ್ತಿದರೆ ನೀರು ಪರೀಕ್ಷೆ ಮಾಡಿ. ಸಂಖ್ಯೆ ಹೆಚ್ಚಾದರೆ ಮೇವು ಜಾಸ್ತಿಯಾಗಿದೆ ಅಂತಲೇ ಅರ್ಥ.

ನಿಜವಾಗಿ ಹೆದರಬೇಕಾದದ್ದು ಏರೋಪ್ಲೇನ್ ಚಿಟ್ಟೆಯ ಮರಿಗೆ. ಇವು ಹೊಸ ಗಿಡದ ಜೊತೆ ಬರುತ್ತವೆ. ಸಣ್ಣ ಜಾತಿಯ ಚಿಟ್ಟೆ ಗಿಡದ ಕಾಂಡದ ಒಳಗೇ ಮೊಟ್ಟೆ ಚುಚ್ಚಿ ಇಡುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಗಪ್ಪಿ ಮರಿಗಳು ಒಂದೊಂದಾಗಿ ಕಾಣೆಯಾಗುತ್ತವೆ, ಹೆಣವೂ ಸಿಗುವುದಿಲ್ಲ. ನಮ್ಮಲ್ಲೂ ಹಾಗೇ ಆಯಿತು. ವ್ಯಾಲಿಸ್ನೇರಿಯಾದ ಬುಡದಲ್ಲಿ ಕಡ್ಡಿಯಂಥದ್ದೊಂದು ಅಲುಗಾಡಿತು. ಲೂಪಿನಲ್ಲಿ ನೋಡಿದರೆ ಆರು ಕಾಲು, ದೊಡ್ಡ ಕಣ್ಣು, ಬಾಲದಲ್ಲಿ ಮೂರು ಎಲೆಯಾಕಾರದ ಕಿವಿರು. ಮೂರು ಎಲೆ ಇದ್ದರೆ ಸಣ್ಣ ಜಾತಿ, ಇಲ್ಲದೆ ಮೈ ದಪ್ಪ ಇದ್ದರೆ ದೊಡ್ಡ ಜಾತಿ. ಎರಡೂ ಬೇಟೆಗಾರರೇ. ಗದ್ದದ ಕೆಳಗೆ ಮಡಚಿಟ್ಟುಕೊಂಡ ದವಡೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದಕ್ಕೆ ಚಾಚಿ ಮರಿ ಹಿಡಿಯುತ್ತವೆ. ಇದಕ್ಕೆ ಔಷಧ ಹಾಕಲು ಹೋಗಬೇಡಿ. ಇಂಥ ಕೀಟವನ್ನು ಕೊಲ್ಲುವ ಔಷಧ ಸಿಗಡಿಯನ್ನೂ ಕೊಲ್ಲಬಹುದು. ರಾತ್ರಿ ಟಾರ್ಚ್ ಹಿಡಿದು ಹುಡುಕಿ, ಚಿಮಟದಿಂದ ಹಿಡಿದು ತೆಗೆಯಿರಿ. ನಾನು ಅದನ್ನು ಹಿತ್ತಲಿನ ನೀರಿನ ಬಾನಿಗೆ ಬಿಟ್ಟೆ. ಅಲ್ಲಿ ಸೊಳ್ಳೆ ಮರಿ ಬೇಕಾದಷ್ಟಿದ್ದವು, ಅವನ್ನು ತಿಂದುಕೊಂಡು ಬೆಳೆಯಿತು.

ಮೀನಿನ ಮೈಮೇಲಿನದನ್ನೂ ಲೂಪು ತೋರಿಸುತ್ತದೆ. ಪಕ್ಕದ ಮನೆಯ ಗೋಲ್ಡ್ ಫಿಶ್ ಮೈ ಉಜ್ಜಿಕೊಳ್ಳುತ್ತಿತ್ತು. ಗಾಜಿನ ಹೊರಗಿನಿಂದಲೇ ನೋಡಿದಾಗ ರೆಕ್ಕೆಯ ಬುಡದಲ್ಲಿ ಚಪ್ಪಟೆ ದುಂಡನೆಯ, ಒಳಗೆಲ್ಲ ಕಾಣುವಷ್ಟು ತೆಳ್ಳನೆಯ ಜೀವಿ ಕಂಡಿತು, ಮೀನಿನ ಹೇನು. ಎರಡು ದೊಡ್ಡ ಕಣ್ಣಿನಂತೆ ಕಾಣುವುದು ಕಣ್ಣಲ್ಲ, ಅಂಟಿಕೊಳ್ಳುವ ಬಟ್ಟಲುಗಳು. ಒದ್ದೆ ಬಟ್ಟೆಯಲ್ಲಿ ಮೀನು ಹಿಡಿದು ಚಿಮಟದಿಂದ ಮೆಲ್ಲಗೆ ತೆಗೆದೆವು. ಹೇನಿನ ಬದಲು ದಾರದಂತೆ ನೇತಾಡುವ ಆಂಕರ್ ವರ್ಮ್ ಇದ್ದರೆ ಅವಸರದಲ್ಲಿ ಎಳೆಯಬಾರದು, ಅದರ ತಲೆ ಮಾಂಸದೊಳಗೆ ಕವಲೊಡೆದು ಕೂತಿರುತ್ತದೆ, ಮುರಿದು ಒಳಗೇ ಉಳಿಯುತ್ತದೆ. ಗಪ್ಪಿಯ ಗುದದಿಂದ ಕೆಂಪು ಎಳೆಗಳು ಇಣುಕುತ್ತಿದ್ದರೆ ಅದು ಕೆಮಲ್ಲಾನಸ್ ಅನ್ನುವ ಕರುಳಿನ ಹುಳ. ಅದಕ್ಕೆ ಲೆವಮಿಸೋಲ್ ಬೇಕು, ಆಡು ಕುರಿಗೆ ಕೊಡುವ ಜಂತಿನ ಔಷಧಗಳಲ್ಲಿ ಅದೂ ಒಂದು. ನೋಡಿ, ಮೂರಕ್ಕೂ ಮೂರು ಬೇರೆ ದಾರಿ. ಒಂದೇ ಬಾಟಲಿ ಎಲ್ಲದಕ್ಕೂ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಬಳಸುವ ರೀತಿ ಹೇಳಿಬಿಡುತ್ತೇನೆ. ಲೂಪಿನಲ್ಲೇ ಲೈಟು ಇರುವ ಮಾದರಿಯೂ ಬರುತ್ತದೆ, ಟ್ಯಾಂಕಿಗೆ ಅದು ಬೇಡ. ಬೆಳಕು ಗಾಜಿಗೆ ಬಡಿದು ನೇರ ಕಣ್ಣಿಗೇ ಬರುತ್ತದೆ. ಅದರ ಬದಲು ಟ್ಯಾಂಕಿನ ಹಿಂದೆ ಕಪ್ಪು ಕುಬಸದ ಬಟ್ಟೆ ಇಳಿಬಿಟ್ಟು, ಪಕ್ಕದಿಂದ ಮೊಬೈಲ್ ಟಾರ್ಚ್ ಹಾಯಿಸಿ. ಕಪ್ಪಿನ ಮೇಲೆ ಹುಳದ ಮೈ ಹೊಳೆಯುತ್ತದೆ, ಹೈಡ್ರಾದ ತೋಳು ಒಂದೊಂದೂ ಬಿಡಿಯಾಗಿ ಕಾಣುತ್ತದೆ. ತಟ್ಟೆಗೆ ತೆಗೆದು ನೋಡುವುದಾದರೆ ಬಿಳಿ ಪ್ಲಾಸ್ಟಿಕ್ ಮುಚ್ಚಳ ಒಳ್ಳೆಯದು, ಸ್ಟೀಲಿನ ವಾಟಿ ಬೇಡ, ಹೊಳಪಿನಲ್ಲಿ ಏನೂ ತಿಳಿಯುವುದಿಲ್ಲ. ಕನ್ನಡಕ ಇರುವವರು ತೆಗೆದು ನೋಡಿದರೆ ಹೆಚ್ಚು ಜಾಗ ಕಾಣುತ್ತದೆ.

ದೋಷಗಳೂ ಇವೆ. ಗಾಜಿನ ಅಂಚಿನಲ್ಲಿ ಚಿತ್ರ ಬಾಗುತ್ತದೆ, ಬಣ್ಣದ ಗೆರೆ ಕಾಣುತ್ತದೆ, ನಡುಭಾಗವಷ್ಟೇ ಚೊಕ್ಕ. ಮೂರು ಗಾಜು ಜೋಡಿಸಿದ ಟ್ರಿಪ್ಲೆಟ್ ಲೂಪಿನಲ್ಲಿ ಈ ತೊಂದರೆ ಇರುವುದಿಲ್ಲ, ಬೆಲೆ ಜಾಸ್ತಿ. ತಿರುಗುವ ಮೊಳೆ ಸಡಿಲಾಗಿತ್ತು, ಪತ್ತಾರರೇ ಬಡಿದು ಬಿಗಿ ಮಾಡಿಕೊಟ್ಟರು. ಹೊದಿಕೆಯ ಹೊಳಪು ಅಲ್ಲಲ್ಲಿ ಎದ್ದಿದೆ. ಚೌಕಟ್ಟಿನ ಸಂದಿಗೆ ನೀರು ಹೋದರೆ ಒಳಗೆ ಮಂಜು ಕಟ್ಟುತ್ತದೆ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಬಿಸಿಲಿಗೆ ಕಿಟಕಿಯಲ್ಲಿ ತೆರೆದಿಡಬೇಡಿ, ಬಟ್ಟೆಗೆ ಕಿಡಿ ಹತ್ತಬಹುದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಸಿಗಡಿ ಅಥವಾ ಮೀನು ಮರಿ ಮಾಡಿಸುವವರು ಒಂದು ಇಟ್ಟುಕೊಳ್ಳಲೇಬೇಕು. ಎರಡು ಗೋಲ್ಡ್ ಫಿಶ್ ಇಟ್ಟುಕೊಂಡವರಿಗೂ ಹೇನು ನೋಡಲು ಬರುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ ಪಟ್ಟಿಯ ಮಿಲಿಮೀಟರ್ ಗೆರೆಯ ಮೇಲೆ ಹಿಡಿದು ನೋಡಿ, ಒಂದಿಂಚು ದೂರದಲ್ಲಿ ಸ್ಪಷ್ಟ ಕಂಡರೆ ತಗೊಳ್ಳಿ. ಅಚ್ಚಿನಲ್ಲಿ ಎಷ್ಟು ಬರೆದಿದ್ದರೂ ಸರಿ. ಲೈಟು ಇಲ್ಲದ ಸಾದಾ ಮಾದರಿಯನ್ನೇ ಕೇಳಿ, ಜೊತೆಗೆ ಅದೇ ಅಂಗಡಿಯಲ್ಲಿ ಉದ್ದ ಮೂತಿಯ ಚಿಮಟವೂ ಒಂದು ಇರಲಿ.